ಅರ್ಧ ಗುಳಿಗೆ

ಗುಡೇಕೋಟೆ ಕಡೆ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವುದು ನನ್ನ ಕೆಲಸ. ಕುರಿ ಸಾಕುವ ಹನುಮಕ್ಕನಿಗೆ ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾದ ದಿನ, "ಗುಡ್ಡ ಹತ್ತಿದ್ರ ತೊಡಿ ಕಲ್ಲಾದಂಗ ಆಗ್ತಾವ, ಯಾಕ್ರಿ?" ಎಂದು ಕೇಳಿದ್ದಳು.

"ಸ್ನಾಯು ಒಂದು ಒಲಿ ಇದ್ದಂಗ, ಕೊಬ್ಬು ಅದರ ಕಟ್ಟಿಗಿ. ಉರಿ ಏರಿಸೋದು ಥೈರಾಯ್ಡ್. ಅದು ಕಡಿಮಿ ಆದ್ರ ಕಟ್ಟಿಗಿ ಇದ್ರೂ ಒಲಿ ಚಂದಾಗಿ ಉರಿಯಂಗಿಲ್ಲ," ಎಂದಿದ್ದೆ. ಎಷ್ಟು ಚೆನ್ನಾಗಿ ಹೇಳಿದೆ ಅಂತ ನನಗೇ ಖುಷಿಯಾಗಿತ್ತು.

ಡಾಕ್ಟರು ಬರೆದುಕೊಟ್ಟ ಗುಳಿಗೆ ಎರಡು ತಿಂಗಳು ನುಂಗಿದರೂ ಅವಳ ರಿಪೋರ್ಟ್ ಸುಧಾರಿಸಲಿಲ್ಲ.

"ದಿನಾ ತಗೋತೀರೇನ್ರಿ?" ಎಂದೆ.

"ಬರಿ ಹೊಟ್ಟ್ಯಾಗ, ಒಂದಿನಾನೂ ಬಿಟ್ಟಿಲ್ಲ. ಅರ್ಧ ನಾನು, ಅರ್ಧ ಅದು."

ಅದು ಅಂದರೆ, ಬೇವಿನ ಮರಕ್ಕೆ ಕಟ್ಟಿದ್ದ ದಪ್ಪ ಟಗರು.

"ಅದಕ್ಕೂ ಗುಡ್ಡ ಹತ್ತಿದ್ರ ತೇಕು ಬರ್ತೈತ್ರಿ. ಒಲಿ ಅಂತ ನೀವ ಹೇಳಿದ್ರಲ್ಲ? ಮತ್ತ ನಾ ಏನು ತಿಂದ್ರೂ ಅದಕ್ಕೊಂದು ತುತ್ತು ಕೊಡಾಕಬೇಕು."

ಇನ್ನು ಮೇಲೆ ಪೂರ್ತಿ ಗುಳಿಗೆ ನೀವೇ ನುಂಗಬೇಕು ಎಂದು ಗದರಿ ಬಂದೆ.

ಮುಂದಿನ ರಿಪೋರ್ಟ್ ಸರಿಬಂತು. ಕೊಡಲು ಹೋದಾಗ ಹನುಮಕ್ಕ ದನಿ ತಗ್ಗಿಸಿ, "ಟಗರಿಗೆ ಬೆನ್ನು ಮಾಡಿ ಕೂತು ನುಂಗ್ತೀನ್ರಿ. ಅದರ ಮುಖ ನೋಡಾಕ ಆಗಂಗಿಲ್ಲ," ಎಂದಳು.

ನಾನೂ ಬೇವಿನ ಮರದ ಕಡೆ ನೋಡದೆ ಬೈಕ್ ಹತ್ತಿದೆ.