ತಟ್ಟೆ ಹಿಡಿದವಳ ಪ್ರಬಂಧ

ವೇದಿಕೆಯ ಮೇಲೆ ಯಾರ್ಯಾರು ಕೂತಿದ್ದೆವು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಸಭೆಯ ವರದಿ ಶುರುವಾಗುವುದೇ ಹಾಗೆ. ಯಾರು ಏನು ಮಾತಾಡಿದರು ಅನ್ನುವುದು ಆಮೇಲೆ, ಜಾಗ ಉಳಿದರೆ. ನಟ್ಟನಡುವೆ, ಬೆನ್ನು ಎತ್ತರದ ಕುರ್ಚಿಯಲ್ಲಿ ಕಾಲೇಜಿನ ಟ್ರಸ್ಟಿನ ಅಧ್ಯಕ್ಷರು. ಅವರ ಬಲಕ್ಕೆ ಉತ್ತರದ ದೊಡ್ಡ ಸಂಸ್ಥೆಯೊಂದರಿಂದ ಬಂದಿದ್ದ ಪ್ರೊಫೆಸರು, ಆವತ್ತಿನ ಮುಖ್ಯ ಅತಿಥಿ. ಎಡಕ್ಕೆ ಪ್ರಾಂಶುಪಾಲರು. ಅವರ ಪಕ್ಕ ಮಾಜಿ ಕಾರ್ಪೊರೇಟರು. ಅವರ ಪಕ್ಕ ಅಧ್ಯಕ್ಷರ ಬೀಗರು. ಇವರು ಯಾಕೆ ಅಂತ ಯಾರೂ ಕೇಳಲಿಲ್ಲ. ಕಟ್ಟಕಡೆಯಲ್ಲಿ, ಪರದೆಗೂ ಸ್ಪೀಕರ್ ಪೆಟ್ಟಿಗೆಗೂ ನಡುವೆ ಸಿಕ್ಕಿಕೊಂಡು ನಾನು. ಒಂದು ಕಾಲದಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತಿದ್ದವನು, ಈಗ ಜಯನಗರದ ಪಾರ್ಕಿನಲ್ಲಿ ವೃತ್ತ ಎಳೆಯುವವನು, ಅದೂ ಕಾಲಿನಲ್ಲಿ. ಉದ್ಘಾಟನೆ ಮುಗಿದ ಮೇಲಿನ ಮೊದಲ ಗೋಷ್ಠಿಗೆ ನನ್ನದು ಅಧ್ಯಕ್ಷತೆ.

ನಮ್ಮ ಕುರ್ಚಿಗಳ ಹಿಂದೆ, ರೇಷ್ಮೆ ಸೀರೆ ಉಟ್ಟು, ಶಾಲು, ಪೇಟ, ಗಂಧದ ಹಾರ ತುಂಬಿದ ತಟ್ಟೆ ಹಿಡಿದುಕೊಂಡು ನಿಂತಿದ್ದವಳು ಶೈಲಜಾ. ವರದಿಯಲ್ಲಿ ಇವಳ ಹೆಸರು ಬರುವುದಿಲ್ಲ. ಆವತ್ತಿನ ಮೊದಲ ಪ್ರಬಂಧ ಮಾತ್ರ ಇವಳದೇ.

ಸಮ್ಮೇಳನ ನಡೆದದ್ದು ಕನಕಪುರ ರಸ್ತೆಯಲ್ಲಿ, ತಲಘಟ್ಟಪುರದ ಕಡೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ. ವಿಷಯ, ಕಂಪ್ಯೂಟರಿನಲ್ಲಿ ಆಕಾರಗಳನ್ನು ರೂಪಿಸುವುದು. ಹೆಸರು ಕೇಳಿ ಓಡಿಹೋಗಬೇಡಿ, ಸುಲಭವಾಗಿ ಹೇಳುತ್ತೇನೆ. ಕಂಪ್ಯೂಟರಿಗೆ ದುಂಡಗೆ ಅಂದರೇನು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚಿಕ್ಕಚಿಕ್ಕ ತ್ರಿಕೋನ. ಕುಂಬಳಕಾಯಿ ತೋರಿಸಬೇಕಾದರೆ ಸಾವಿರಾರು ತ್ರಿಕೋನಗಳನ್ನು ಕೌದಿಯ ಹಾಗೆ ಸೇರಿಸಿ ಹೊಲಿದು, ಇಗೋ ಕುಂಬಳಕಾಯಿ ಅನ್ನುತ್ತದೆ. ಸೊಟ್ಟ ಗೆರೆ ಎಳೆಯುವುದಕ್ಕೂ ಅದರದ್ದೇ ಒಂದು ದಾರಿ ಇದೆ. ನಾವು ನಾಲ್ಕು ಬಿಂದು ಕೊಡಬೇಕು. ಗೆರೆ ಮೊದಲನೆಯದರಿಂದ ಹೊರಟು ಕೊನೆಯದಕ್ಕೆ ಹೋಗಿ ಮುಟ್ಟುತ್ತದೆ. ನಡುವಿನ ಎರಡನ್ನು ಮುಟ್ಟುವುದಿಲ್ಲ, ಆದರೆ ಅವುಗಳ ಕಡೆಗೆ ಬಾಗುತ್ತಾ ಹೋಗುತ್ತದೆ. ಇದನ್ನು ಪಾಠ ಮಾಡುವಾಗೆಲ್ಲ ನನಗೆ ನಮ್ಮ ಸ್ಟಾಫ್ ರೂಮು ನೆನಪಾಗುತ್ತಿತ್ತು. ಕೆಲಸವನ್ನು ಮುಟ್ಟದೆ ಎಲ್ಲರನ್ನೂ ತಮ್ಮ ಕಡೆ ಬಗ್ಗಿಸಿಕೊಳ್ಳುವ ಬಿಂದುಗಳು ಅಲ್ಲೂ ಇದ್ದವು.

ಶೈಲಜಾ ನನ್ನ ಹಳೆಯ ಶಿಷ್ಯೆ, ಮನೆ ಚಿಕ್ಕಲಸಂದ್ರದಲ್ಲಿ. ಆ ಕಾಲೇಜಿನಲ್ಲಿ ವರ್ಷ ವರ್ಷ ಗುತ್ತಿಗೆ ಬರೆಸಿಕೊಳ್ಳುವ ಲೆಕ್ಚರರ್. ಅವಳು ಹಿಡಿದ ಸಮಸ್ಯೆ ಬಲು ಚೆನ್ನಾಗಿತ್ತು. ಮನುಷ್ಯನ ಮೈಯನ್ನು ಸ್ಕ್ಯಾನ್ ಮಾಡಿದರೆ ಬೆಳಕು ತಲುಪದ ಕಡೆಯೆಲ್ಲ ತೂತು ಉಳಿಯುತ್ತದೆ. ಕಂಕುಳು, ಕಿವಿಯ ಹಿಂಭಾಗ, ಬೆರಳ ಸಂದಿ, ಗಲ್ಲದ ಕೆಳಗೆ. ಆ ತೂತುಗಳನ್ನು ಕಂಪ್ಯೂಟರ್ ಊಹಿಸಿ ತುಂಬಬೇಕು. ಸಾಮಾನ್ಯವಾಗಿ ಅದು ಏನು ಮಾಡುತ್ತದೆಂದರೆ ಡೋಲಿಗೆ ಚರ್ಮ ಬಿಗಿದ ಹಾಗೆ ಸಪಾಟಾಗಿ ಮುಚ್ಚಿಬಿಡುತ್ತದೆ. ಕಂಕುಳಿದ್ದ ಕಡೆ ಹಲಗೆ. ಶೈಲಜಾಳ ದಾರಿ ಬೇರೆ. ಅದೇ ಮೈಯ ಬೇರೆ ಭಾಗಗಳು ಹೇಗೆ ಬಾಗಿವೆ ಅಂತ ನೋಡಿ, ಅಲ್ಲಿಂದ ಆ ಬಾಗನ್ನು ಎರವಲು ತಂದು ಇಲ್ಲಿ ತುಂಬುವುದು.

ಅವಳು ಇದನ್ನು ನನಗೆ ಮೊದಲ ಸಲ ಹೇಳಿದಾಗ, "ಇದು ನಮ್ಮಜ್ಜಿಯ ರಫೂ ಕೆಲಸ ಕಣಮ್ಮ" ಅಂದೆ. ನಮ್ಮಜ್ಜಿ ಸೀರೆಗೆ ತೂತು ಬಿದ್ದರೆ ಅಂಗಡಿಯ ದಾರ ಮುಟ್ಟುತ್ತಿರಲಿಲ್ಲ. "ಹೊರಗಿನ ದಾರ ಎಷ್ಟೇ ಚೆನ್ನಾಗಿದ್ರೂ ನೆಂಟರ ಹಾಗೆ ಎದ್ದು ಕಾಣ್ಸುತ್ತೆ ಕಣೋ. ಸೆರಗಿನ ಒಳಗಡೆಯಿಂದ ಅದರದೇ ಒಂದೆಳೆ ಎಳ್ಕೋಬೇಕು" ಅನ್ನುತ್ತಿದ್ದಳು. ನಾನು ಕಲಿತ ಕನ್ನಡ ಅಜ್ಜಿಯದು. ಜ್ಯಾಮಿತಿಯೂ ಅಲ್ಲಿಂದಲೇ ಬಂದಿತ್ತೋ ಏನೋ. ಶೈಲಜಾ ನಗುತ್ತಾ, "ಅಜ್ಜಿ ಹೆಸರು ರೆಫರೆನ್ಸಿಗೆ ಹಾಕಲಾ ಸಾರ್?" ಅಂದಳು.

ಈ ಪ್ರಬಂಧ ಪರಿಶೀಲನೆಗೆ ಹೋದದ್ದು ಆ ಉತ್ತರದ ಪ್ರೊಫೆಸರ ಹತ್ತಿರ. ಅವರು ಕೆಳಗೆ ಒಂದು ಟಿಪ್ಪಣಿ ಬರೆದಿದ್ದರು. ನಾನು ಈ ಸಮ್ಮೇಳನಕ್ಕೆ ಬರುತ್ತಿದ್ದೇನೆ, ಈ ಲೇಖಕರು ಮಂಡಿಸುವುದನ್ನು ಕೂತು ಕೇಳುತ್ತೇನೆ, ಗಟ್ಟಿ ಅನ್ನಿಸಿದರೆ ನನ್ನ ಪ್ರಯೋಗಾಲಯದಲ್ಲಿ ಖಾಲಿ ಇರುವ ಒಂದು ಸಂಶೋಧಕರ ಜಾಗ ಅವರಿಗೇ. ಅಂದರೆ ಡಾಕ್ಟರೇಟು, ಅಂದರೆ ಗುತ್ತಿಗೆ ಬದುಕಿನಿಂದ ಬಿಡುಗಡೆ. ಇಷ್ಟಕ್ಕೆಲ್ಲ ಬೇಕಾದದ್ದು ಅವರ ಎದುರಿಗೆ ಹದಿನೈದು ನಿಮಿಷ. ಹನ್ನೊಂದು ಗಂಟೆಗೆ ಅವಳ ಸರದಿ. ಹನ್ನೆರಡೂವರೆಗೆ ಪ್ರೊಫೆಸರು ಹೊರಡಬೇಕು. ಕನಕಪುರ ರಸ್ತೆಯವರಿಗೆ ವಿಮಾನ ನಿಲ್ದಾಣ ಅನ್ನುವುದು ಪರದೇಶ. ಅಲ್ಲಿಗೆ ಹೋಗುವುದರಲ್ಲೇ ಅರ್ಧ ಪ್ರಯಾಣ ಮುಗಿಯುತ್ತದೆ.

ಬೆಳಿಗ್ಗೆ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾ ನಿಂತಿದ್ದ ಅವಳನ್ನು ನೋಡಿ, "ನಿನ್ನ ಪ್ರಬಂಧ ಇಟ್ಕೊಂಡು ಇದೇನಮ್ಮ ಇಲ್ಲಿ?" ಅಂದೆ.

"ಸ್ಟೇಜ್ ಕಮಿಟಿ ಸಾರ್. ಪರ್ಮನೆಂಟ್ ಇರೋರೆಲ್ಲ ಫುಡ್ ಕಮಿಟಿಗೆ ಹೋಗ್ಬಿಟ್ರು."

"ನೀನು ಹೇಳ್ಬೇಕಾಗಿತ್ತು, ನಂದು ಪೇಪರ್ ಇದೆ ಅಂತ."

"ಹೇಳ್ದೆ ಸಾರ್. ಗುತ್ತಿಗೆಯವರು ಕಮಿಟಿ ಬೇಡ ಅನ್ನೋ ಹಾಗಿಲ್ಲವಂತೆ. ಹೋಗ್ಲಿ ಬಿಡಿ, ಪ್ರೊಫೆಸರ್ ಹತ್ತಿರದಲ್ಲೇ ನಿಂತಿರ್ತೀನಲ್ಲ."

ಹೌದು, ಅಷ್ಟು ಹತ್ತಿರದಲ್ಲಿ ಆವತ್ತು ಇನ್ಯಾರೂ ನಿಂತಿರಲಿಲ್ಲ.

ಅಧ್ಯಕ್ಷರು ಬಂದದ್ದು ತಡವಾಗಿ. ದೀಪ ಹತ್ತಿಸಬೇಕಾದರೆ ಫ್ಯಾನು ಆರಿಸಬೇಕು, ಫ್ಯಾನಿನ ಸ್ವಿಚ್ಚು ಎಲ್ಲಿದೆ ಅಂತ ಸಿವಿಲ್ ವಿಭಾಗದ ಮುಖ್ಯಸ್ಥರನ್ನು ಕೇಳಬೇಕು, ಅವರು ತಿಂಡಿಯ ಹತ್ತಿರ ಇದ್ದಾರೆ. ಪ್ರಾರ್ಥನೆ. ನಾಡಗೀತೆ. ಸ್ವಾಗತ. ಆಮೇಲೆ ಒಬ್ಬೊಬ್ಬರ ಪರಿಚಯ. ನನ್ನನ್ನೂ ಪರಿಚಯಿಸಿದರು, ನಾನು ಅಷ್ಟೊಂದು ಓದಿದ್ದೇನೆ ಅಂತ ನನಗೂ ಆಗಲೇ ತಿಳಿದದ್ದು. ಮಾಜಿ ಕಾರ್ಪೊರೇಟರು ಮೈಕು ಹಿಡಿದು, "ಶೇಪು ಶೇಪು ಅಂತ ಬೆಳಿಗ್ಗೆಯಿಂದ ಕೇಳ್ತಾ ಇದೀನಿ. ಈ ವಾರ್ಡಿಗೆ ಒಂದು ಶೇಪ್ ಕೊಟ್ಟಿದ್ದು ಯಾರು ಅಂತ ಚರಂಡಿ ನೋಡಿದೋರಿಗೆ ಗೊತ್ತು" ಅಂದರು. ಚಪ್ಪಾಳೆ ಬಿತ್ತು. ಜ್ಯಾಮಿತಿಯ ಬಗ್ಗೆ ಆ ವೇದಿಕೆಯಲ್ಲಿ ಆವತ್ತು ಅದಕ್ಕಿಂತ ಹೆಚ್ಚಿನ ಮಾತು ಬರಲಿಲ್ಲ. ಸ್ಮರಣ ಸಂಚಿಕೆಯ ಬಿಡುಗಡೆಯಲ್ಲಿ ರಿಬ್ಬನ್ನು ಕಗ್ಗಂಟಾಯಿತು. ಅಷ್ಟರಲ್ಲಿ ಹನ್ನೊಂದು ದಾಟಿಹೋಯಿತು.

ಹೊತ್ತು ಹೋಗಲಿ ಅಂತ ನಾನು ಕಾರ್ಯಕ್ರಮದ ಪಟ್ಟಿ ಓದುತ್ತಿದ್ದೆ. ಮೊದಲ ಪ್ರಬಂಧ: ರಂಗಸ್ವಾಮಿ ಎಸ್.

ನನಗೆ ಒಂದು ಗಳಿಗೆ ತಲೆ ಓಡಲಿಲ್ಲ. ರಂಗಸ್ವಾಮಿ ಶೈಲಜಾಳ ತಂದೆ. ನಮ್ಮ ಮೈಸೂರು ಕಡೆಯವರಿಗೆ ಮನೆತನದ ಹೆಸರು ಇಲ್ಲವಲ್ಲ. ಒಂದು ಹೆಸರು, ಅದರ ಮುಂದೆ ಅಪ್ಪನದೋ ಊರಿನದೋ ಒಂದು ಅಕ್ಷರ, ಅಷ್ಟರಲ್ಲಿ ನಮ್ಮ ಜನ್ಮ ಮುಗಿಯುತ್ತದೆ. ಆದರೆ ಸಮ್ಮೇಳನದ ವೆಬ್‌ಸೈಟು ಕೊನೆಯ ಹೆಸರು ಬರೆಯದೆ ಮುಂದಕ್ಕೆ ಬಿಡುವುದಿಲ್ಲ. ಹಾಗಾಗಿ ಇವಳು ತಂದೆಯ ಹೆಸರು ತುಂಬಿದ್ದಾಳೆ. ವೆಬ್‌ಸೈಟು ಅದನ್ನೇ ಮುಂದಕ್ಕೆ ಎಳೆದು, ಶೈಲಜಾಳನ್ನು ಒಂದಕ್ಷರಕ್ಕೆ ಇಳಿಸಿ ಬಾಲಕ್ಕೆ ಕಟ್ಟಿದೆ. ಪ್ರೊಫೆಸರು ಸಭೆಯ ಕಡೆ ಕತ್ತು ಚಾಚಿ ಚಾಚಿ ನೋಡುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವರು ರಂಗಸ್ವಾಮಿಯನ್ನು ಹುಡುಕುತ್ತಿದ್ದರು.

ಒಂದು ಚೀಟಿ ಬರೆದೆ. "ಪ್ರೊಫೆಸರರಿಗೆ: ತಟ್ಟೆ ಹಿಡಿದು ನಿಂತಿರುವ ಶೈಲಜಾ ಅವರೇ ಮೊದಲ ಪ್ರಬಂಧದ ಲೇಖಕಿ. ದಯವಿಟ್ಟು ಈಗಲೇ ಕೇಳಿ." ಇಂಗ್ಲಿಷಿನಲ್ಲೇ ಬರೆದೆ, ದೊಡ್ಡ ಅಕ್ಷರದಲ್ಲಿ. ಬೀಗರಿಗೆ ಕೊಟ್ಟೆ, ಅವರು ಓದಿ ತಲೆದೂಗಿ ಕಾರ್ಪೊರೇಟರಿಗೆ ಕೊಟ್ಟರು, ಅವರು ಓದದೆಯೇ ತಲೆದೂಗಿ ಪ್ರಾಂಶುಪಾಲರಿಗೆ ದಾಟಿಸಿದರು. ಮುಖ್ಯ ಅತಿಥಿಗೆ ಹೋಗುವ ಚೀಟಿ ಪ್ರಾಂಶುಪಾಲರಲ್ಲಿ ನಿಲ್ಲದೆ ಮುಂದೆ ಹೋಗುವುದುಂಟೇ. ಅವರು ಕನ್ನಡಕ ಏರಿಸಿ ಮೊದಲ ಸಾಲನ್ನು ನೋಡಿದರು, ನನ್ನ ಕಡೆ ತಿರುಗಿ ಕೃತಜ್ಞತೆಯಿಂದ ನಕ್ಕರು, ಚೀಟಿಯನ್ನು ಜೇಬಿಗೆ ಇಟ್ಟರು, ಎದ್ದು ಮೈಕಿಗೆ ಹೋದರು.

"ಹಿರಿಯರೊಬ್ಬರು ಈಗ ತಾನೇ ನೆನಪು ಮಾಡಿದ್ರು. ಬೆಳಿಗ್ಗೆಯಿಂದ ಕೂತ್ಕೊಳ್ಳದೆ ತಟ್ಟೆ ಹಿಡ್ಕೊಂಡು ನಿಂತಿದಾರೆ ನಮ್ಮ ಶೈಲಜಾ ಮೇಡಂ. ಅವರಿಗೊಂದು ದೊಡ್ಡ ಚಪ್ಪಾಳೆ ಬರ್ಲಿ."

ಬಂತು. ಪ್ರೊಫೆಸರೂ ಹಿಂದಕ್ಕೆ ತಿರುಗಿ, ಮುಗುಳ್ನಕ್ಕು, ಅವಳಿಗೆ ಚಪ್ಪಾಳೆ ತಟ್ಟಿದರು. ಕೈಮುಗಿಯೋಣವೆಂದರೆ ಅವಳ ಎರಡು ಕೈಯೂ ತಟ್ಟೆಯ ಕೆಳಗಿದ್ದವು.

ಆಮೇಲೆ ಸನ್ಮಾನ. ನನ್ನ ತಲೆಗೂ ಪೇಟ ಬಂತು. ಅದು ಕಿವಿಯವರೆಗೆ ಇಳಿದದ್ದರಿಂದ ಅಧ್ಯಕ್ಷರ ಭಾಷಣ ಸ್ವಲ್ಪ ಕಡಿಮೆ ಕೇಳಿಸಿತು, ಆ ಉಪಕಾರವನ್ನು ಮರೆಯಬಾರದು. ಗೌರವಿಸುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ, ನೋಡಿ. ದೂರದಿಂದ ಒಬ್ಬ ಪಂಡಿತನನ್ನು ಕರೆಸುತ್ತೇವೆ, ಹೊದಿಸುತ್ತೇವೆ, ತೊಡಿಸುತ್ತೇವೆ, ತಲೆಗೆ ಕಟ್ಟುತ್ತೇವೆ, ಕೈತುಂಬ ಹಣ್ಣು ಕೊಡುತ್ತೇವೆ. ಅವನು ಯಾವುದಕ್ಕೆ ಬಂದನೋ ಆ ಕೆಲಸವೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿಸುತ್ತೇವೆ.

ವಂದನಾರ್ಪಣೆ ಮುಗಿಯುವ ಹೊತ್ತಿಗೆ ಪ್ರೊಫೆಸರು ಗಡಿಯಾರ ನೋಡುತ್ತಿದ್ದರು. ನಾನು ಮುಂದಕ್ಕೆ ನುಗ್ಗುವಷ್ಟರಲ್ಲಿ ಅವರನ್ನು ಅಧ್ಯಕ್ಷರು ಒಂದು ರೆಕ್ಕೆ, ಪ್ರಾಂಶುಪಾಲರು ಒಂದು ರೆಕ್ಕೆ ಹಿಡಿದು ಇಳಿಸಿಕೊಂಡು ಹೋದರು. ನನಗೆ ಇಬ್ಬರು ಅಡ್ಡ ನಿಂತು, "ಸಾರ್, ಗ್ರೂಪ್ ಫೋಟೋ" ಅಂದರು. ಬಿಡಿಸಿಕೊಂಡು ಪೋರ್ಟಿಕೋಗೆ ಬಂದರೆ ಪ್ರೊಫೆಸರು ಆಗಲೇ ಕಾರಿನೊಳಗೆ. ಹಣ್ಣಿನ ಬುಟ್ಟಿಯನ್ನು ಕಾರಿಗೆ ಇಟ್ಟವಳೂ ಶೈಲಜಾಳೇ, ಸ್ಟೇಜ್ ಕಮಿಟಿಯಲ್ಲವೇ. ಬುಟ್ಟಿ ಇಟ್ಟು, ಸೀರೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದ ತನ್ನ ಪ್ರಬಂಧದ ಪ್ರತಿಯನ್ನು ಕಿಟಕಿಯೊಳಗೆ ಚಾಚಿದಳು. "ಸರ್, ದಿಸ್ ಈಸ್ ಮೈ ಪೇಪರ್" ಅಂದಳು, ನನಗೆ ಕೇಳಿಸಿತು. ಅವರಿಗೆ ಅಧ್ಯಕ್ಷರ ಬೀಳ್ಕೊಡುಗೆಯ ಮಾತು ಕೇಳಿಸುತ್ತಿತ್ತು. ಬೆಳಿಗ್ಗೆಯಿಂದ ಹುಡುಗರು ಕಂಡಕಂಡ ಕಾಗದ ಚಾಚಿ ಅವರ ಹಸ್ತಾಕ್ಷರ ಹಾಕಿಸಿಕೊಂಡಿದ್ದರು. ಪಾಪ, ಅವರು ಜೇಬಿನಿಂದ ಪೆನ್ನು ತೆಗೆದು, ಪ್ರಬಂಧದ ತಲೆಬರಹದ ಮೇಲೆ ಓರೆಯಾಗಿ ಸಹಿ ಮಾಡಿ, 'ಆಲ್ ದಿ ಬೆಸ್ಟ್' ಅಂತ ಬರೆದು ವಾಪಸ್ಸು ಕೊಟ್ಟರು. ಕಾರು ಹೊರಟಿತು. ಗಾಜು ಏರಿತು.

ಶೈಲಜಾ ಆ ಕಾಗದವನ್ನು ನೋಡುತ್ತಾ ನಿಂತಳು. "ಏನಂದ್ರು?" ಅಂತ ಪ್ರಾಂಶುಪಾಲರು ಕುತೂಹಲದಿಂದ ಕೇಳಿದರು. "ಒಳ್ಳೇದಾಗ್ಲಿ ಅಂದ್ರು ಸಾರ್" ಅಂದಳು.

"ದೊಡ್ಡ ಮನುಷ್ಯರು" ಅಂದರು ಅವರು.

ಊಟದ ಮೇಲೆ ಅವಳ ಪ್ರಬಂಧ ನಡೆಯಿತು. ಬಿಸಿಬೇಳೆಬಾತು, ಎರಡು ಬಗೆಯ ಪಾಯಸ ತಿಂದ ಸಭೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮುಂದಿನ ಸಾಲಿನಲ್ಲಿ ನಾನು, ಹಿಂದೆ ಅಲ್ಲೊಬ್ಬರು ಇಲ್ಲೊಬ್ಬರು ಒರಗಿದವರು, ಮೂಲೆಯಲ್ಲಿ ಮೈಕಿನವನು ವೈರು ಸುತ್ತುತ್ತಿದ್ದ. ಅವಳು ಒಂದು ವಾಕ್ಯವನ್ನೂ ಬಿಡದೆ, ಯಾರೋ ಕೇಳುತ್ತಿದ್ದಾರೆ ಅನ್ನುವ ಹಾಗೆ ಮಂಡಿಸಿದಳು. ತೆರೆಯ ಮೇಲೆ ಒಂದು ಮೈ ನಿಧಾನ ತಿರುಗುತ್ತಾ, ಅದರ ಕಂಕುಳ ತೂತು ಅಂಚಿನಿಂದ ಒಳಕ್ಕೆ ತಾನೇ ಮೆಲ್ಲಗೆ ಕೂಡಿಕೊಳ್ಳುತ್ತಾ ಬಂತು. ಎಲ್ಲಿ ತೂತಿತ್ತು ಅಂತ ಕಡೆಗೆ ನನಗೂ ಹೇಳಲಾಗಲಿಲ್ಲ. ಸಮಯ ಮುಗಿದರೆ ಗಂಟೆ ಬಾರಿಸಬೇಕು ಅಂತ ನನ್ನ ಮುಂದೆ ಒಂದು ಗಂಟೆ ಇಟ್ಟಿದ್ದರು. ಅದನ್ನು ಮೇಜಿನ ಕೆಳಗೆ ಇಟ್ಟುಬಿಟ್ಟೆ. ಕೊನೆಗೆ ಪ್ರಶ್ನೆಗಳಿವೆಯೇ ಅಂತ ಕೇಳಿದೆ. ಹಿಂದಿನಿಂದ ಒಬ್ಬರು ಕೈಯೆತ್ತಿ, ಸರ್ಟಿಫಿಕೇಟ್ ಎಷ್ಟು ಗಂಟೆಗೆ ಕೊಡುತ್ತೀರಿ ಅಂದರು.

ಅದೇ ಸಂಜೆ ನಾನೂ ಅವಳೂ ಪ್ರೊಫೆಸರಿಗೆ ಬೇರೆ ಬೇರೆಯಾಗಿ ಇಮೇಲ್ ಬರೆದೆವು. ಉತ್ತರ ಬರುವುದು ತಡವಾಯಿತು. ಒಳ್ಳೆಯವರು, ನೊಂದುಕೊಂಡೇ ಬರೆದಿದ್ದರು. ಕಾರು ಹತ್ತುವ ಮೊದಲು ರಂಗಸ್ವಾಮಿ ಎಲ್ಲಿ ಅಂತ ಪ್ರಾಂಶುಪಾಲರನ್ನು ಕೇಳಿದ್ದರಂತೆ. "ಆ ಹೆಸರಿನೋರು ಬಂದಿಲ್ಲ ಸಾರ್. ಈಗಿನವರು ಹಾಗೇ, ಹೆಸರು ಕೊಡ್ತಾರೆ, ಬರೋದಿಲ್ಲ" ಅಂದರಂತೆ ಪ್ರಾಂಶುಪಾಲರು. ತಮ್ಮ ಪ್ರಬಂಧಕ್ಕೆ ತಾವೇ ಬಾರದವರಿಗೆ ಕಾಯುವುದು ಹೇಗೆ, ಆ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟಾಗಿತ್ತು.

ಈ ವರ್ಷ ಪ್ರಾಂಶುಪಾಲರು ಆಹ್ವಾನ ಪತ್ರಿಕೆ ಹಿಡಿದು ಮನೆಗೆ ಬಂದರು. ಹೋದ ಸಲ ಹೊತ್ತು ಸಾಲಲಿಲ್ಲ ಅಂತ ಅವರಿಗೂ ಬೇಜಾರಾಗಿತ್ತಂತೆ. ಅದಕ್ಕೇ ಈ ಸಲ ಪಕ್ಕಾ ವ್ಯವಸ್ಥೆ ಮಾಡಿದ್ದಾರೆ. "ಪ್ರಬಂಧಗಳನ್ನೆಲ್ಲ ಆನ್‌ಲೈನ್ ಹಾಕ್ಬಿಟ್ಟಿದೀವಿ ಸಾರ್. ಉದ್ಘಾಟನೆ ಒಂದೇ ಇಲ್ಲಿ. ಯಾರಿಗೂ ಅವಸರ ಇರಲ್ಲ" ಅಂದರು. ನನ್ನ ಹೆಂಡತಿ ಕಾಫಿ ತಂದುಕೊಟ್ಟಳು. ನಾನು ಬರುವುದಿಲ್ಲ ಅಂದೆ. ಅವರಿಗೆ ಕಾರಣ ಗೊತ್ತಾಗಲಿಲ್ಲ. ಮೊಣಕಾಲು ನೋವೇ ಸಾರ್ ಅಂತ ಕೇಳಿದರು.

ಶೈಲಜಾಳ ಗುತ್ತಿಗೆ ಮೇ ತಿಂಗಳಿಗೆ ಮುಗಿಯಿತು. ಮತ್ತೆ ಬರೆಸಿಕೊಳ್ಳಲು ಅವಳು ಹೋಗಲಿಲ್ಲ. ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ, ಅಂಗಿಯ ಅಳತೆಗಳನ್ನು ಕಂಪ್ಯೂಟರಿನಲ್ಲಿ ಕೂರಿಸುವ ವಿಭಾಗಕ್ಕೆ ಸೇರಿಕೊಂಡಳು. ಸೇರಿದ ದಿನ ಅಲ್ಲಿನ ಮುಖ್ಯಸ್ಥೆ, ನಿನಗೆ ಏನು ಗೊತ್ತು ತೋರಿಸಮ್ಮ ಅಂದರಂತೆ. ಇವಳು ಲ್ಯಾಪ್‌ಟಾಪ್ ತೆಗೆದು, ಕಂಕುಳು ಹೇಗೆ ತುಂಬುತ್ತದೆ ಅಂತ ತೋರಿಸಿದಳು. ಕಟಿಂಗ್ ವಿಭಾಗದವರನ್ನೂ ಕರೆದರಂತೆ. ಎಲ್ಲರೂ ಸುತ್ತ ನಿಂತು ಪೂರ್ತಿ ಕೇಳಿದರು.