ಗುತ್ತಲದ ಬಸ್ಸಿಗೆ ಕಾದ ಗಂಟೆ

“ಗುತ್ತಲದ ಬಸ್ಸು ಬರೂತನಕ ನಾ ಗಂಟಿ ಹೊಡೀತಿದ್ದಿಲ್ಲ ನೋಡವಾ,” ಎಂದರು ಇಮಾಮಸಾಬ್ ಕಾಕಾ. ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು ನಿಂತಿತು.

ನಾನು ಓದಿದ ಹಾವೇರಿಯ ಕಾಲೇಜಿನಲ್ಲೇ ಈಗ ಪಾಠ ಮಾಡುತ್ತೇನೆ. ಕಾಲೇಜಿನ ಮರುಮಾನ್ಯತೆಗೆಂದು ನಾವೇ ಬರೆಯಬೇಕಾದ ವರದಿಯಲ್ಲಿ ‘ಉತ್ತಮ ಪದ್ಧತಿಗಳು’ ಎಂಬ ಭಾಗ ನನ್ನ ಕೊರಳಿಗೆ ಬಿದ್ದಿತ್ತು. ಹಳೆಯ ಸಂಗತಿ ಕೇಳಲು ನಿವೃತ್ತ ಜವಾನರಾದ ಕಾಕಾರ ಮನೆಗೆ ಹೋಗಿದ್ದೆ.

ಆ ಬಸ್ಸಿನಲ್ಲಿ ಮೂರು ವರ್ಷ ಜೋತಾಡುತ್ತ ಬಂದವಳು ನಾನು. ಒಂದು ದಿನವೂ ತಡವಾಗಿ ಬಂದವಳಲ್ಲ ಎಂದು ನನ್ನ ವಿದ್ಯಾರ್ಥಿಗಳ ಮುಂದೆ ಎಷ್ಟು ಸಲ ಜಂಬ ಕೊಚ್ಚಿದ್ದೇನೋ.

“ಪ್ರಿನ್ಸಿಪಾಲರು ಬೈತಿದ್ದಿಲ್ಲೇನ್ರಿ ಕಾಕಾ?”

“ಬೈತಿದ್ರು. ಗಡಿಯಾರ ಹಿಂದ ಐತ್ರಿ ಸಾಹೇಬ್ರ, ಅಂತಿದ್ನಿ.”

ವರದಿಗೆ ಫೋಟೊ ಬೇಕು, ದಾಖಲೆ ಬೇಕು. ಕಾಕಾರ ಪದ್ಧತಿಗೆ ಎರಡೂ ಇರಲಿಲ್ಲ. ಅದರ ಬದಲು ಕಾಲೇಜಿನ ಮಳೆನೀರು ಸಂಗ್ರಹದ ಬಗ್ಗೆ ನಾಲ್ಕು ಪುಟ ಬರೆದುಕೊಟ್ಟೆ.

ಈಗ ಕಾಲೇಜಿನಲ್ಲಿ ಕರೆಂಟಿನ ಗಂಟೆ ಇದೆ. ಹತ್ತಕ್ಕೆ ಸರಿಯಾಗಿ ತಾನೇ ಬಡಿದುಕೊಳ್ಳುತ್ತದೆ. ನಾನು ಮಾತ್ರ, ಗುತ್ತಲದ ಹುಡುಗಿಯರು ಏದುಸಿರು ಬಿಡುತ್ತ ಬಂದು ಕೂತ ಮೇಲೆಯೇ ಹಾಜರಿ ಪುಸ್ತಕ ತೆರೆಯುತ್ತೇನೆ.