ಹಿಂದಿನ ಸೀಟು ಬಿಚ್ಚಿಟ್ಟ ವಿಮಾನ

ಸತ್ತವರ ಸುಳಿವು ಸಿಕ್ಕಿತೆಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ವಿಮಾನ ರಿಪೇರಿ ನನ್ನ ಉದ್ಯೋಗ. ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ನಂಬುವ ಸ್ವಭಾವ ನನ್ನದಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನವಲಗುಂದದ ಕಡೆ ಹತ್ತಿಗೆ ಹುಳ ಬಿದ್ದಾಗ, ಔಷಧ ಸಿಂಪಡಿಸುವ ಸಣ್ಣ ವಿಮಾನದ ಜೊತೆ ನನ್ನನ್ನು ನನ್ನೂರಿಗೇ ಕಳಿಸಿದ್ದರು. ಊರ ಹೊರಗಿನ ಗರಸು ನೆಲವೇ ನಮ್ಮ ರನ್‌ವೇ. ಪೈಲಟ್ ನಜೀರ್ ಸಾಹೇಬರು ಹುಬ್ಬಳ್ಳಿಯವರು. ಔಷಧದ ಟ್ಯಾಂಕು ವಿಮಾನದ ಹೊಟ್ಟೆಯ ಕೆಳಗಿತ್ತು. ಭಾರ ಕಡಿಮೆಯಾಗಲೆಂದು ಹಿಂದಿನ ಸೀಟನ್ನೂ ಅದರ ಬೆಲ್ಟನ್ನೂ ಬಿಚ್ಚಿ ಹುಬ್ಬಳ್ಳಿಯ ಶೆಡ್ಡಿನಲ್ಲಿ ಇಟ್ಟುಬಂದಿದ್ದೆವು.

ಬಾಣಂತನಕ್ಕೆ ತವರಿಗೆ ಬಂದಿದ್ದ ತಂಗಿ ನೀಲವ್ವ ಒಂದು ಮುಂಜಾನೆ ಹೆಣ್ಣು ಹಡೆದಳು. ರಕ್ತ ನಿಲ್ಲಲಿಲ್ಲ. ಬೆಣ್ಣಿಹಳ್ಳ ತುಂಬಿ ಬಸ್ಸು ಬಂದ್ ಆಗಿ ಎರಡು ದಿನವಾಗಿತ್ತು.

"ಕರಕೊಂಡ ಬಾ ತಮ್ಮಾ," ಎಂದರು ಸಾಹೇಬರು. "ಹಿಂದ ಕೌದಿ ಹಾಸಿ ಮಲಗಸೂಣು, ಹಗ್ಗಾ ಕಟ್ಟೂಣು. ಹುಬ್ಬಳ್ಳಿ ದವಾಖಾನಿ ಹದಿನೈದ ಮಿನಿಟಿನ ಹಾದಿ."

"ಸೀಟು, ಬೆಲ್ಟು ಇಲ್ದ ಮನಶ್ಯಾರನ್ನ ಒಯ್ಯಾಕ ಕಾಯ್ದೆ ಇಲ್ರಿ ಸಾಹೇಬ್ರ. ವಿಮಾನ ಹಾರಾಕ ನಾ ಸಹಿ ಹಾಕಂಗಿಲ್ಲ."

"ನಿನ್ನ ತಂಗಿ ಲೇ ಅಕಿ!"

"ಅದಕ್ಕ ಹೇಳಾಕತ್ತೇನ್ರಿ."

ಹಗ್ಗ ಸಡಿಲಾಗಿ ಅವಳು ಬಾಲವನ್ನು ತಿರುಗಿಸುವ ಹಿಂದಿನ ಕೇಬಲ್ಲುಗಳ ಮೇಲೆ ಉರುಳಿದರೆ ಇಬ್ಬರೂ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರೊಬ್ಬರೇ ಹುಬ್ಬಳ್ಳಿಗೆ ಹೋಗಿ ಸೀಟು ತರಲಿ, ಕೂಡಲೇ ಜೋಡಿಸಿಕೊಡುತ್ತೇನೆಂದು ಹಟ ಹಿಡಿದೆ. ಅವರು ನನ್ನನ್ನು ಬೈಯುತ್ತಲೇ ಹಾರಿದರು. ವಿಮಾನ ಊರ ಮೇಲೆ ಹಾದು ಮರೆಯಾಯಿತು. ನಾನು ಸ್ಪ್ಯಾನರ್ ಹಿಡಿದು ಅಲ್ಲೇ ಕಾದೆ.

ಒಂದು ತಾಸಿನೊಳಗೆ ಮರಳಿದರು. ಸೀಟನ್ನು ನನ್ನ ಕೈಗೆ ಕೊಟ್ಟವರೇ ಸಿಟ್ಟಿನಿಂದ ಕೇಳಿದರು:

"ಹಿಂದ ಏನ್ ಇಟ್ಟಿದ್ದಿ? ಹೋಗೂ ಮುಂದ ನಿಮ್ಮೂರ ದಾಟೂದ್ರಾಗ ಮೂಗ ಮ್ಯಾಲೆ ಎದ್ತು. ಅಗದಿ ಯಾರೋ ಬಂದ ಕುಂತಂಗ. ಹುಬ್ಬಳ್ಳಿ ತನಕಾ ಒತ್ತಿ ಹಿಡದೇನಿ. ಅಲ್ಲಿ ಇಳದ ಮ್ಯಾಲೆ ಹಗರಾತು. ಬರೂ ಮುಂದ ಏನೂ ಇಲ್ಲ."

ನಾನು ಏನನ್ನೂ ಇಟ್ಟಿರಲಿಲ್ಲ. ಹಿಂದೆ ಒಂದಾಳಿನ ಭಾರ ಬಿದ್ದರೆ ಆ ವಿಮಾನ ಹಾಗೆ ಮೂಗೆತ್ತುವುದು ನಿಜ. ಆಗ ಯೋಚಿಸಲು ಪುರಸೊತ್ತಿರಲಿಲ್ಲ. ಸೀಟಿನ ಎರಡನೆಯ ಬೋಲ್ಟು ಬಿಗಿಯುತ್ತಿದ್ದೆ. ಬಾಜು ಮನೆಯ ರುದ್ರಪ್ಪ ಕಾಕಾ ಓಡಿ ಬಂದರು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತರು.

ಮಣ್ಣು ಮಾಡಿ ಬಂದ ಮೇಲೆ ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದಳು: "ವಿಮಾನ ಮಾಳಿಗಿ ಮ್ಯಾಲೆ ಹೊಂಟಿತ್ತು ನೋಡು, ಅವಾಗ ಕಣ್ಣ ತೆರದ್ಲು. 'ಅಣ್ಣ ಹತ್ತಸ್ಯಾನ ಯವ್ವಾ, ಹೋಗಿ ಬರ್ತೇನಿ' ಅಂದ್ಲು. ಮತ್ತ ಮಾತಾಡ್ಲಿಲ್ಲ. ನಿದ್ದಿ ಹತ್ತೇತಿ ಅನ್ಕೊಂಡು ಕುಂತಿದ್ವಿ."

ನಾನು ಹತ್ತಿಸಿರಲಿಲ್ಲ.

ನನ್ನ ಸಮಾಧಾನಕ್ಕೆ ಸಾಹೇಬರು ಕತೆ ಕಟ್ಟಿದರೇ ಎಂದು ಒಮ್ಮೊಮ್ಮೆ ಅನ್ನಿಸಿದ್ದುಂಟು. ಆದರೆ ಅವರು ನನ್ನನ್ನು ಗದರಿಸುವಾಗ ಅವಳು ಹೋದದ್ದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಪೈಲಟ್ ಹೇಳಿದ ದೋಷಕ್ಕೆ ದಾಖಲೆ ಪುಸ್ತಕದಲ್ಲಿ ಉತ್ತರ ಬರೆಯದೆ ವಿಮಾನ ಮತ್ತೆ ಹಾರುವಂತಿಲ್ಲ. ಎರಡು ದಿನ ಬಾಲದಿಂದ ಮೂಗಿನವರೆಗೆ ಬಿಚ್ಚಿ ನೋಡಿದೆ. ಎಲ್ಲವೂ ನೆಟ್ಟಗಿತ್ತು. 'ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದೆ.

ನೀಲವ್ವನ ಮಗಳಿಗೆ ಈಗ ಮಕ್ಕಳಿದ್ದಾರೆ. ಅವಳಿಗೆ ಇದನ್ನು ಹೇಳಿಲ್ಲ. ವಿಮಾನದ ಮೂಗು ಏಕೆ ಎದ್ದಿತೆಂದು ಅವಳು ಕೇಳಿದರೆ ನನಗೆ ಗೊತ್ತಿಲ್ಲ ಎನ್ನಬಹುದು. ಹಗ್ಗ ಕಟ್ಟಿ ಒಯ್ದಿದ್ದರೆ ನನ್ನವ್ವ ಉಳಿಯುತ್ತಿದ್ದಳೇನು ಮಾಮಾ ಎಂದು ಕೇಳಿದರೆ?